ಆರಬಾರದ ಕುಲುಮೆ



ಕಿಟಕಿಯ ಗಾಜು ಒಡೆದಾಗ ನಾವು ಹೊಸದರ ಬೆಲೆಯನ್ನು ವಿಚಾರಿಸುತ್ತೇವೆಯೇ ಹೊರತು ಅದು ಕರಗಿಬಂದ ಕುಲುಮೆಯನ್ನು ನೆನೆಯುವುದಿಲ್ಲ. ನಮ್ಮ ಸೊಲ್ಲಾಪುರದ ಮಗ್ಗವನ್ನು ಸಂಜೆಗೆ ನಿಲ್ಲಿಸಿ ಮುಂಜಾನೆ ನಡೆಸಬಹುದು. ಗಾಜಿನ ಕುಲುಮೆಗೆ ಆ ವಿರಾಮವಿಲ್ಲ. ಮರಳು, ಸೋಡಾ, ಸುಣ್ಣಕಲ್ಲುಗಳು ಅದರಲ್ಲಿ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗಿ ರಸವಾಗುತ್ತವೆ. ದೊಡ್ಡ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ 10-15 ವರ್ಷ ಹಗಲಿರುಳೂ ಉರಿಸುತ್ತಾರೆ. ನಡುವೆ ಅಕಸ್ಮಾತ್ತಾಗಿ ಆರಿತೋ, ರಸವು ಒಳಗೇ ಕಲ್ಲಾಗುತ್ತದೆ. ಕಮಾನಿನ ಇಟ್ಟಿಗೆಗಳು ಕುಗ್ಗಿ ಬಿರಿಯುತ್ತವೆ. ಆಗ ನಷ್ಟವಾಗುವುದು ಒಂದು ದಿನದ ಸರಕಲ್ಲ, ಕುಲುಮೆಯೇ. ಅದನ್ನು ಮರಳಿ ಕಟ್ಟಿ, ಮೆಲ್ಲಮೆಲ್ಲನೆ ಕಾಯಿಸಲು ತಿಂಗಳುಗಳೇ ಬೇಕು. ಅಷ್ಟು ಕಾಲ ಅಲ್ಲಿ ದುಡಿಯುವವರ ಮನೆಯ ಒಲೆಯ ಗತಿಯೇನು?

ಆದುದರಿಂದಲೇ ಕೊಳ್ಳುವವರಿಲ್ಲದ ದಿನಗಳಲ್ಲಿಯೂ ಇಂಧನವನ್ನು ಸುಟ್ಟು ರಸವನ್ನು ಬಿಸಿಯಾಗಿಡುತ್ತಾರೆ. ತಯಾರಾದ ಹಾಳೆಗಾಜನ್ನು ಒಡೆದು ಮತ್ತೆ ಕುಲುಮೆಗೇ ಹಾಕುವುದೂ ಉಂಟು. ಹುಚ್ಚೆಂದು ತೋರಬಹುದು, ಲೆಕ್ಕ ಮಾತ್ರ ಸರಿಯಾಗಿದೆ.

2022ರಲ್ಲಿ ರಷ್ಯದ ಅನಿಲದ ಪೂರೈಕೆ ಕುಸಿದಾಗ ಜರ್ಮನಿಯ ಗಾಜಿನ ಕಾರ್ಖಾನೆಗಳು ಅಂಜಿದುದು ಇದಕ್ಕೇ. ಅಭಾವ ಬಂದರೆ ಮನೆಗಳಿಗೇ ಮೊದಲು ಅನಿಲವೆಂಬುದು ಅಲ್ಲಿಯ ನಿಯಮ. ನ್ಯಾಯವಾದ ನಿಯಮವೆಂದೇ ನಾವೂ ಹೇಳುವೆವು. ಆದರೆ ಆ ಮನೆಗಳಲ್ಲಿ ಕೆಲವು ಕುಲುಮೆಯ ಕೆಲಸಗಾರರವೂ ಆಗಿದ್ದವು.