ನಮ್ಮ ಕತೆಯ ಮನುಷ್ಯ ಎಲ್ಲಿ ನಿಂತಾನ?

(ಬೈಲಹೊಂಗಲದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಕಥಾ ಕೂಟದಲ್ಲಿ ಆಡಿದ ಮಾತು)



ನೀವು ಬರೆದುಕೊಟ್ಟ ಕತೆಗಳನ್ನು ನಾವು ಮೂರ್ನಾಲ್ಕು ಜನ ಕೂತು ಎರಡೆರಡು ಸಲ ಓದಿದೆವು. ಸಿಟ್ಟು ಇದೆ, ಸಂತೋಷ. ಸಿಟ್ಟು ಇಲ್ಲದವನು ಕೇರಿಯಿಂದ ಬಂದು ಪೆನ್ನು ಹಿಡಿಯುವುದೇ ಇಲ್ಲ. ಆದರೆ ಒಂದು ಮಾತು ನೇರ ಹೇಳತೇವಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಎಲ್ಲ ಕತೆಯಲ್ಲೂ ಗೌಡನಿಗೆ ಮೀಸೆ ಇದೆ, ಬೇರೆ ಏನೂ ಇಲ್ಲ. ಎಲ್ಲ ಕತೆಯಲ್ಲೂ ನಮ್ಮ ಮುದುಕ ಕೊನೆಯ ಪುಟದಲ್ಲಿ ಸಾಯುತ್ತಾನೆ. ಸಾಯುವ ಮೊದಲು ಅವ ಏನು ಉಣ್ಣತಿದ್ದ, ಯಾರ ಕೂಡ ಜಗಳಾ ತಗೀತಿದ್ದ, ಯಾವ ಮಾತಿಗೆ ನಗತಿದ್ದ, ಯಾರೂ ಬರೆದಿಲ್ಲ. ಊರಿನ ಹೆಸರು ‘ಒಂದು ಹಳ್ಳಿ’. ಯಾವ ಹಳ್ಳಿ? ಕಿತ್ತೂರ ಕಡೀದೋ, ರಾಮದುರ್ಗದ ಕಡೀದೋ? ಗೊತ್ತಾಗುವುದಿಲ್ಲ.

ಊರವರು ನಮ್ಮನ್ನ ನೋಡೋದೂ ಹಿಂಗ ಅಲ್ಲೇನು? ‘ಆ ಮಂದಿ’ ಅಂತಾರ, ಮುಗೀತು. ನಾವೂ ನಮ್ಮ ಜನಕ್ಕೆ ಕತೆಯಲ್ಲಿ ಮುಖ ಕೊಡದಿದ್ದರೆ ಅವರ ಕೆಲಸವನ್ನು ನಾವೇ ಮಾಡಿಕೊಟ್ಟ ಹಾಗೆ.

1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಗಲಾಟೆ ಎದ್ದಿತು. ಹಾಸ್ಟೆಲಿನ ನಮ್ಮ ಹುಡುಗರಿಗೆ ಏಟು ಬಿದ್ದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಇದು ನಿಮಗೆಲ್ಲ ಗೊತ್ತು, ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಆದರೆ ಅದೇ 1973ರಲ್ಲಿ ದೇವನೂರ ಮಹಾದೇವರ ‘ದ್ಯಾವನೂರು’ ಕಥಾಸಂಕಲನ ಬಂತು ಅನ್ನುವುದನ್ನು ಮಾತ್ರ ಮರೆಯುತ್ತೇವೆ. ಮುಂದೆ ‘ಒಡಲಾಳ’ ಬಂತು. ಅದರಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜ ಹುಡುಕುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕಡಲೆಕಾಯಿ ತಿನ್ನುತ್ತಾರೆ. ಹಸಿವು ಎಂದು ಭಾಷಣ ಮಾಡದೆ ಹಸಿವನ್ನು ಹೇಳಿದ ಪುಟಗಳು ಅವು. ಒಂದು ಹುಂಜಕ್ಕಾಗಿ ಅಷ್ಟು ಹಟ ಮಾಡುವ ಮುದುಕಿಯನ್ನು ಓದಿದವನು ಮುಂದೆ ‘ಆ ಮಂದಿ’ ಅಂತ ಅಷ್ಟು ಸಲೀಸಾಗಿ ಅನ್ನಲಾರ.

ಅಂದಮೇಲೆ ಪಾತ್ರ ಕಟ್ಟಬೇಕಾದರೆ ಮೊದಲು ಕೇಳಿ: ಇವನಿಗೆ ಏನು ಬೇಕು? ಇವನ ಕಷ್ಟ ಏನು ಅನ್ನೋದು ಆಮೇಲೆ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು, ಹೊರಗಿನಿಂದ ನೋಡಿ ಬರೆದದ್ದು. ಅದರ ಬಗ್ಗೆ ನಮಗೆ ತಕರಾರೂ ಇದೆ. ಆದರೂ ಚೋಮ ಯಾಕ ಮರಿಯಂಗಿಲ್ಲ? ಕಷ್ಟಪಟ್ಟ ಅಂತಲ್ಲ. ಕಷ್ಟಪಟ್ಟವರು ಲಕ್ಷ ಜನ. ಅವನಿಗೆ ಸ್ವಂತ ಬೇಸಾಯ ಮಾಡಬೇಕಿತ್ತು. ಆ ಒಂದು ಆಸೆ ತೆಗೆದುಬಿಡಿ, ಚೋಮ ಉಳಿಯುವುದಿಲ್ಲ.

ಈಗ ನಾವೊಬ್ಬನನ್ನು ಮಾಡೋಣ. ಹೆಸರು ದುರಗಪ್ಪ ಅಂತ ಇಟ್ಟುಕೊಳ್ಳಿ. ಚಪ್ಪಲಿ ಹೊಲಿಯುವವ. ರಂಪಿಗೆ, ಉಳಿ, ನೀರಿನ ಬಾನಿ ಮುಂದಿಟ್ಟುಕೊಂಡು ಕೂತಿದ್ದಾನೆ. ಹೆಂಡತಿ ಅವನನ್ನು ಹೆಸರಿಡಿದು ಕರೆಯುವುದಿಲ್ಲ, ‘ಏನ್ರಿ, ಕೇಳಿದ್ರೇನು’ ಅಂತಾಳೆ. ಕೇರಿಯ ಹುಡುಗರಿಗೆ ಅವ ದುರಗಪ್ಪಕಾಕಾ. ಗೌಡರ ಎಂಟು ವರ್ಷದ ಮೊಮ್ಮಗನಿಗೆ ‘ಏ ದುರಗ್ಯಾ’. ಮಗನ ಸಾಲಿ ದಾಖಲೆಯಲ್ಲಿ ‘ದುರ್ಗಪ್ಪ ಯಲ್ಲಪ್ಪ ಮಾದರ’. ಒಬ್ಬನೇ ಮನುಷ್ಯ, ನಾಲ್ಕು ಕರೆ. ಯಾವ ಕರೆಗೆ ಓ ಅಂತಾನೆ, ಯಾವುದಕ್ಕೆ ತಲೆ ತಗ್ಗಿಸಿ ಎದ್ದು ನಿಲ್ಲುತ್ತಾನೆ, ಯಾವುದು ಕೇಳಿದರೂ ಕೇಳಿಸದವನಂತೆ ರಂಪಿಗೆ ಆಡಿಸುತ್ತಾನೆ? ಇದನ್ನು ಬರೆದಿರೋ, ಅರ್ಧ ಕತೆ ಆಯಿತು. ‘ಅವನು ಶೋಷಿತನಾಗಿದ್ದನು’ ಅಂತ ಬರೆಯುವ ಸಾಲು ಬೇಕಾಗುವುದಿಲ್ಲ.

ಗೌಡನ ಮಾತು. ಅವನಿಗೂ ಮಗಳ ಮದುವೆಯ ಚಿಂತೆ ಇರಲಿ, ಸೊಸಾಯಿಟಿ ಸಾಲ ಇರಲಿ, ಮಂಡಿನೋವು ಇರಲಿ. ಹಾಗೆ ಬರೆದರೆ ಅವನ ತಪ್ಪು ಕಡಿಮೆ ಆಗುತ್ತದೆ ಅಂತ ಕೆಲವರಿಗೆ ಅಂಜಿಕೆ. ಆಗಂಗಿಲ್ಲ. ರಾಕ್ಷಸ ಮಾಡಿದ್ದಕ್ಕೆ ಯಾರನ್ನ ಕೇಳೋದು? ಮನುಷ್ಯ ಮಾಡಿದ್ದಕ್ಕಾದರೆ ಜವಾಬು ಕೇಳಬಹುದು.

ಇನ್ನು ಜಾಗ. ಇದರ ಮೇಲೆ ನಾವು ಹೆಚ್ಚು ಹೊತ್ತು ಮಾತಾಡಬೇಕು ಅಂತಲೇ ಬಂದೆವು. ನಿಮ್ಮ ಕತೆಗಳಲ್ಲಿ ಜಾಗ ಅಂದರೆ ‘ಸೂರ್ಯ ಮುಳುಗುತ್ತಿದ್ದನು, ಹಕ್ಕಿಗಳು ಗೂಡಿಗೆ ಮರಳುತ್ತಿದ್ದವು’. ಈ ಹಕ್ಕಿ ಎಲ್ಲರ ಕತೆಯಲ್ಲೂ ಗೂಡಿಗೆ ಮರಳುತ್ತದೆ! ಬೈಲಹೊಂಗಲದ ಸುತ್ತ ಎರಿ ಹೊಲ. ಹತ್ತಿ, ಜೋಳ, ಕಡ್ಲಿ. ಮಳೆ ಬಿದ್ದರೆ ಎರಿ ಮಣ್ಣು ಕಾಲಿಗೆ ಹತ್ತಿ ಒಂದೊಂದು ಹೆಜ್ಜಿ ಒಂದೊಂದು ಸೇರು ಭಾರ. ಆವತ್ತು ಊರ ಗೌಡನೂ ಚಪ್ಪಲಿ ಕೈಯಾಗ ಹಿಡೀತಾನ, ದುರಗಪ್ಪನೂ ಹಿಡೀತಾನ. ಮಣ್ಣು ಯಾರ ಜಾತೀನೂ ಕೇಳಂಗಿಲ್ಲ. ಆದರೆ ಸುಡು ಬಿಸಿಲಾಗ, ಒಣಾ ದಾರಿ ಮ್ಯಾಲ, ಗೌಡರ ಮನಿ ಮುಂದ ಚಪ್ಪಲಿ ಕೈಯಾಗ ಹಿಡಕೊಂಡು ಹೋದವ ಯಾರು? ಆ ಚಪ್ಪಲಿ ಹೊಲದವನಽ! ನಮ್ಮ ಅಜ್ಜಂದಿರು ಹೋಗಿದ್ದಾರೆ. ಮಣ್ಣು, ಬಿಸಿಲು, ಓಣಿ, ಚಪ್ಪಲಿ, ಇಷ್ಟರಲ್ಲೇ ಕತೆ ಇದೆ. ಹಕ್ಕಿಯನ್ನು ಬಿಟ್ಟುಬಿಡಿ, ಅದರ ಪಾಡಿಗೆ ಅದು ಹೋಗಲಿ.

ಕಿತ್ತೂರ ಕಡೆ ಹೋದಂತೆ ಮಣ್ಣು ಕೆಂಪಾಗುತ್ತದೆ, ಮಳೆ ಹೆಚ್ಚು, ಭತ್ತದ ಗದ್ದೆ ಬರುತ್ತವೆ. ಕೆಲಸ ಬೇರೆ, ಕೂಲಿ ಬೇರೆ, ಹಾಡೂ ಬೇರೆ. ಕಿತ್ತೂರು ಅಂದರೆ ಕೋಟೆ, 1824, ಚೆನ್ನಮ್ಮ, ಸತ್ತ ಥ್ಯಾಕರೆ. ಒಳ್ಳೆಯದು, ಅದು ನಮ್ಮೆಲ್ಲರ ಅಭಿಮಾನ. ಆದರೆ ಆ ಸೈನ್ಯದ ಕುದುರೆಗೆ ಜೀನು ಹೊಲಿದವನು ಯಾರು, ಡೊಳ್ಳಿಗೆ ತೊಗಲು ಕಟ್ಟಿದವನು ಯಾರು? ಅವನ ಹೆಸರನ್ನು ಚರಿತ್ರೆ ನಮ್ಮ ಕೈಗೆ ಕೊಟ್ಟಿಲ್ಲ. ಕತೆಗಾರನಿಗೆ ಅಲ್ಲೇ ಜಾಗ ಖಾಲಿ ಇದೆ. ರಾಮದುರ್ಗ 1948ರವರೆಗೆ ಸಂಸ್ಥಾನ, ನೇಕಾರರ ಊರು, ಪಕ್ಕದಲ್ಲಿ ಮಲಪ್ರಭಾ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಊರೊಳಗೆ ಬಂತು. ಹೊಳೆ ಬಂದಾಗ ಮೊದಲು ನೀರು ಹೊಗುವ ಮನೆ ಯಾರದು, ಸಾಲಿಯ ಒಂದೇ ಖೋಲಿಯಲ್ಲಿ ಎಲ್ಲ ಜಾತಿಯವರೂ ಮಲಗಬೇಕಾಗಿ ಬಂದರೆ ಯಾರ ಹಾಸಿಗೆ ಎಲ್ಲಿ? ಇದನ್ನೂ ಯಾರೋ ಬರೆಯಬೇಕು.

ಊರ ಹೆಸರು ಇಡುವುದೋ ಬಿಡುವುದೋ ಅಂತ ಒಬ್ಬರು ಕೇಳಿದ್ದೀರಿ. ಎರಡೂ ನಡೆಯುತ್ತದೆ. ಘೋಡಗೇರಿಯ ಚಂದ್ರಶೇಖರ ಕಂಬಾರರು ಶಿವಾಪುರ ಎಂಬ ಊರನ್ನೇ ಕಟ್ಟಿಕೊಂಡರು. ಆದರೆ ಮಾತು ಮಾತ್ರ ನಮ್ಮದೇ ಇರಲಿ. ನಿಮ್ಮ ಒಂದು ಕತೆಯಲ್ಲಿ ಸವದತ್ತಿಯ ಮುದುಕಿ ‘ಕಣ್ಲಾ’ ಅಂತಾಳೆ. ಮೈಸೂರು ಸೀಮೆಯ ಮಾತು ಮಹಾದೇವರಿಗೆ ಹೊಂದುತ್ತದೆ, ಅವರು ಅಲ್ಲಿಯವರು. ಸವದತ್ತಿ ಮುದುಕಿ ‘ಯಾಕೋ ಯಪ್ಪಾ’ ಅಂತಾಳ, ಇಲ್ಲಾಂದ್ರ ಬೈತಾಳ.

ಸವದತ್ತಿಯ ಮಾತು ಬಂತು, ಕಡೆಗೆ ಒಂದು ಕಷ್ಟದ ಸಂಗತಿ ಹೇಳಬೇಕು. ಹಿಂದೆ ಇಂಥದೇ ಒಂದು ಕೂಟದಲ್ಲಿ ಒಬ್ಬ ಹುಡುಗ ಎಲ್ಲಮ್ಮನ ಗುಡ್ಡದ ಜೋಗತಿಯ ಕತೆ ಓದಿದ. ಭಾರತ ಹುಣ್ಣಿಮೆ, ಭಂಡಾರ, ಚೌಡಿಕೆ, ಮುತ್ತು ಕಟ್ಟಿದ್ದು, ಎಲ್ಲ ಇತ್ತು. ಚೆನ್ನಾಗಿಯೇ ಓದಿದ. ನಡುವೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ಹೊರಗೆ ಹೋದ. ಆಮೇಲೆ ತಿಳಿಯಿತು, ಕತೆಯಲ್ಲಿದ್ದವಳು ಅವನ ದೊಡ್ಡವ್ವ. ಊರು, ಓಣಿ, ಹಣೆಯ ಮೇಲಿನ ಕಲೆ, ಒಂದೂ ಬದಲಾಗಿರಲಿಲ್ಲ. ದೇವದಾಸಿ ಮಾಡುವುದನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ಆಗಿದೆ. ಆದರೆ ಕಾಯ್ದೆಗೆ ಮೊದಲು ಮುತ್ತು ಕಟ್ಟಿಸಿಕೊಂಡವರು, ಕದ್ದು ಕಟ್ಟಿಸಿಕೊಂಡವರು, ನಮ್ಮ ಮನೆಗಳಲ್ಲೇ ಇದ್ದಾರೆ. ಅವರ ಬಾಳು ನಮಗೆ ಬರೀ ಸರಕೇನು? ಊರು ಅವರನ್ನು ಒಮ್ಮೆ ಬೀದಿಗೆ ನಿಲ್ಲಿಸಿತು, ನಾವು ಎರಡನೇ ಸಲ ನಿಲ್ಲಿಸಬೇಕೇನು? ಆವತ್ತು ನಾವು ಸಂಘದವರು ಬಾಯಿ ಮುಚ್ಚಿಕೊಂಡು ಕೂತಿದ್ದೆವು, ನಮ್ಮದೂ ತಪ್ಪೇ.

ಹಾಗಂತ ಬರೆಯಬಾರದು ಅಂತಲ್ಲ. ನಾವು ಬರೆಯದಿದ್ದರೆ ಗುಡ್ಡಕ್ಕೆ ಕ್ಯಾಮೆರಾ ಹಿಡಿದು ಬರುವವರು ಬರೆಯುತ್ತಾರೆ. ಆ ಹುಡುಗ ಆರು ತಿಂಗಳು ಬಿಟ್ಟು ಮತ್ತೆ ಬರೆದ. ಮೂವರು ಹೆಂಗಸರನ್ನು ಸೇರಿಸಿ ಒಬ್ಬಳನ್ನು ಮಾಡಿದ. ಊರು ಬದಲಿಸಿದ, ಕಲೆ ತೆಗೆದ. ಮೊದಲ ಕತೆಯಲ್ಲಿ ಅವಳು ಬರೇ ಅಳುತ್ತಿದ್ದಳು. ಈ ಸಲ ಅವಳಿಗೆ ಬೇಕಾದದ್ದು ಒಂದು: ಮಗಳ ಸಾಲಿ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆಸುವುದು. ಮಾಸ್ತರರ ಮುಂದೆ ನಿಂತು ‘ಬರೀರಿ, ನನ್ನ ಹೆಸರು ಬರೀರಿ’ ಅಂತ ಹಟ ಹಿಡಿಯುತ್ತಾಳೆ.

ಬರೆದದ್ದನ್ನು ಮೊದಲು ಎದ್ದುಹೋದ ಗೆಳೆಯನ ಕೈಗೇ ಕೊಟ್ಟ. ಅವನು ಎರಡು ದಿನ ಇಟ್ಟುಕೊಂಡ. ನಾಲ್ಕು ಸಾಲು ಹೊಡೆದುಹಾಕಿದ. ಒಂದು ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ: ‘ಚಾಕ್ಕ ಸಕ್ರಿ ಹಾಕಬ್ಯಾಡ. ಅಕೀ ಬೆಲ್ಲಾ ಕಡಕೊಂಡು ಕುಡೀತಾಳ.’

ಮುಂದಿನ ಸಭೆಗೆ ಎರಡೇ ಪುಟ ಬರೆದುಕೊಂಡು ಬನ್ನಿ. ಯಾರೂ ಸಾಯುವುದು ಬೇಡ.