ಬಲೆಯ ಸೀಸದ ಗುಂಡು ಮತ್ತು ಮನೆಯಲ್ಲೇ ಮಾಡುವ ಕಬ್ಬಿಣದ ಅಚ್ಚು

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಾಲ, ವಸೂಲಿ, ಗೊಬ್ಬರದ ವಿಷಯ ಮಾತಾಡಲು ನಮಗಿಂತ ಬಲ್ಲವರು ಇಲ್ಲಿ ಕೂತಿದ್ದಾರೆ. ಕಾರ್ಯದರ್ಶಿಗಳು “ನಿಮ್ಮ ಕೈಗೆ ಬಂದ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಿ, ಸಾಕು” ಅಂದರು. ನಾವು ಎಸ್.ಎಸ್.ಎಲ್.ಸಿ. ಓದಿದ ಬೇಸಾಯಗಾರರು. ಗದ್ದೆ ಕೆಲಸ ಮುಗಿದ ಮೇಲೆ ಹೊಳೆಗೆ ಬೀಸುಬಲೆ ಹಿಡಿದು ಹೋಗುವವರು. ಹಾಗಾಗಿ ಬಲೆಗೆ ಕಟ್ಟುವ ಸೀಸದ ಗುಂಡಿನ ವಿಷಯವನ್ನೇ ಆರಿಸಿಕೊಂಡಿದ್ದೇವೆ. ನಗಬೇಡಿ, ಇದರಲ್ಲಿ ಪ್ರಾಣದ ವಿಷಯವೂ ಇದೆ.

ಬೀಸುಬಲೆ ದುಂಡಗೆ ಬಿಚ್ಚಿ ಬೀಳಬೇಕಾದರೆ ಅಂಚಿನ ಗುಂಡುಗಳೆಲ್ಲ ಒಂದೇ ತೂಕ ಇರಬೇಕು. ಒಂದು ಕಡೆ ಭಾರ, ಒಂದು ಕಡೆ ಹಗುರ ಆದರೆ ಭಾರದ ಕಡೆ ಮೊದಲು ತಳ ಮುಟ್ಟುತ್ತದೆ. ಹಗುರದ ಕಡೆ ಸಂದಿಯಲ್ಲಿ ಕಾಣೆ, ಸಿಗಡಿ ಎಲ್ಲ ನುಸುಳಿ ಹೋಗ್ತವೆ. ನಮ್ಮ ಹಿರಿಯರು ಮಣ್ಣಿನ ಅಚ್ಚಿನಲ್ಲಿ ಸೀಸ ಹೊಯ್ಯುತ್ತಿದ್ದರು. ಪ್ರತಿ ಸಲ ಅಚ್ಚು ಒಡೆಯಬೇಕು, ಒಂದರಂತೆ ಇನ್ನೊಂದು ಬರುವುದಿಲ್ಲ.

ನಾವೂ ಹಾಗೇ ಮಾಡುತ್ತಿದ್ದೆವು. ಒಂದು ಆಷಾಢದಲ್ಲಿ ಜಗಲಿಯಲ್ಲಿಟ್ಟ ಅಚ್ಚು ಒಣಗಿದೆ ಎಂದುಕೊಂಡು ಸೀಸ ಹೊಯ್ದೆವು. ಒಳಗೆ ಪಸೆ ಇತ್ತು. ಟಪ್ಪೆಂದು ಪಟಾಕಿ ಹೊಡೆದ ಹಾಗೆ ಸೀಸ ಮೇಲಕ್ಕೆ ಹಾರಿತು. ತಮ್ಮನ ಮುಂಗೈ ಸುಟ್ಟಿತು. ಒಂದು ಹನಿ ಕಣ್ಣಿನಿಂದ ಒಂದು ಬೆರಳು ಕೆಳಗೆ ಬಿತ್ತು. ಆ ಕಲೆ ಇವತ್ತಿಗೂ ಇದೆ, ಅವನು ಇಲ್ಲೇ ಸಭೆಯಲ್ಲಿ ಕೂತಿದ್ದಾನೆ. ಸೀಸ ಕರಗುವುದು 327 ಡಿಗ್ರಿಗೆ, ನೀರು ಕುದಿಯುವುದು 100ಕ್ಕೆ. ಒಂದು ಹನಿ ನೀರು ಆವಿಯಾದರೆ ಸಾವಿರದ ಆರುನೂರು ಪಾಲಿಗಿಂತ ಹೆಚ್ಚು ಹಿಗ್ಗುತ್ತದೆ. ಮೇಲೆ ಸೀಸ ಮುಚ್ಚಿಕೊಂಡಿದ್ದರೆ ಅದು ಎಲ್ಲಿಗೆ ಹೋಗಬೇಕು? ನಮ್ಮ ಮುಖಕ್ಕೇ.

ಅಲ್ಲಿಂದ ನಾವು ಕಬ್ಬಿಣದ ಅಚ್ಚಿಗೆ ಬಂದೆವು. 40 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಪಟ್ಟಿ, ಗೇಣುದ್ದದ ಎರಡು ತುಂಡು. ಎರಡರ ಮುಖವನ್ನೂ ಅರದಿಂದ ಉಜ್ಜಿ, ಜೋಡಿಸಿ ಹಿಡಿದರೆ ನಡುವೆ ಬೆಳಕು ಕಾಣಬಾರದು. ಈ ಉಜ್ಜುವ ಕೆಲಸಕ್ಕೇ ನಮಗೆ ಎರಡು ದಿನ ಹಿಡಿಯಿತು. ಇಲ್ಲಿ ಅವಸರ ಮಾಡಿದವರ ಗುಂಡಿಗೆಲ್ಲ ರೆಕ್ಕೆ ಬರ್ತದೆ. ಎರಡೂ ತುದಿಗೆ ಬೋಲ್ಟು ಹಾಕಿ ಬಿಗಿದು ವೈಸಿನಲ್ಲಿ ನಿಲ್ಲಿಸಿ, ಮೇಲಿನ ಅಂಚಿನಲ್ಲಿ ಎರಡು ಪಟ್ಟಿ ಕೂಡುವ ಗೆರೆಯ ಮೇಲೇ ಬೈರಿಗೆ ಇಡಬೇಕು. 8 ಮಿಲಿಮೀಟರ್ ತೂತು, 25 ಮಿಲಿಮೀಟರ್ ಆಳ. ಆಗ ಅರ್ಧ ತೂತು ಈ ಪಟ್ಟಿಯಲ್ಲಿ, ಅರ್ಧ ಆ ಪಟ್ಟಿಯಲ್ಲಿ. ಹೀಗೆ ಸಾಲಾಗಿ ಎಂಟು. ಪ್ರತಿಯೊಂದರ ನೇರಕ್ಕೆ ಬುಡದಿಂದ 2 ಮಿಲಿಮೀಟರ್ ತೂತು ಕೊರೆದು ಸೈಕಲ್ಲಿನ ಹಳೇ ಕಡ್ಡಿಯನ್ನು ಉಜ್ಜುಕಾಗದದಲ್ಲಿ ತಿಕ್ಕಿ ನಿಲ್ಲಿಸಿದರೆ ಹಗ್ಗ ಪೋಣಿಸುವ ತೂತೂ ತಾನೇ ಆಗ್ತದೆ. ಈ ಅಳತೆಯ ಗುಂಡು ಸುಮಾರು 13 ಗ್ರಾಂ ತೂಗುತ್ತದೆ. ನಾಲ್ಕು ಕಿಲೋ ಬಲೆಗೆ ಮುನ್ನೂರು ಗುಂಡು. ನಲವತ್ತು ಸಲ ಹೊಯ್ದರೆ ಮುಗಿಯಿತು.

ಹೊಯ್ಯುವ ಮೊದಲು ಅಚ್ಚಿನ ಒಳಮೈಗೆ, ಕಡ್ಡಿಗೆ ಚಿಮಣಿ ದೀಪದ ಮಸಿ ಹಿಡಿಸಿ. ಸೀಸ ಅಂಟುವುದಿಲ್ಲ, ಮೂಲೆ ಮೂಲೆಗೂ ತುಂಬುತ್ತದೆ. ಅಚ್ಚನ್ನು ಕೆಂಡದ ಪಕ್ಕದಲ್ಲಿಟ್ಟು ಚೆನ್ನಾಗಿ ಕಾಯಿಸಿ, ಪಸೆಯೂ ಹೋಗ್ತದೆ. ತಣ್ಣನೆಯ ಅಚ್ಚಿನಲ್ಲಿ ಗುಂಡು ಮುದುಕರ ಚರ್ಮದಂತೆ ಸುಕ್ಕಾಗಿ ಬರುತ್ತದೆ. ಮೊದಲ ಎರಡು ಮೂರು ಸಲದ್ದನ್ನು ಕರಗಿಸಲು ವಾಪಸು ಹಾಕಿ, ಆದರೆ ಒದ್ದೆ ತುಂಡನ್ನಾಗಲಿ, ಒದ್ದೆ ಸೌಟನ್ನಾಗಲಿ ಕರಗಿದ ಸೀಸಕ್ಕೆ ಇಳಿಸಬೇಡಿ. ಹಿತ್ತಾಳೆ ಅಚ್ಚು ಬೇಡ, ಸೀಸದಲ್ಲಿ ತವರ ಬೆರೆತಿದ್ದರೆ ಕಚ್ಚಿಕೊಳ್ಳುವ ಭಯವಿದೆ.

ಕೆಲವರು ಹಳೇ ಬ್ಯಾಟರಿ ಒಡೆದು ಸೀಸ ತೆಗೀತಾರೆ. ದಯವಿಟ್ಟು ಬೇಡ. ಅದರಲ್ಲಿ ಆಸಿಡ್ ಇದೆ, ವಿಷದ ಪುಡಿ ಇದೆ. ಆ ಪುಡಿ ಅಂಗಳದಲ್ಲಿ ಬಿದ್ದರೆ ಅಲ್ಲಿ ಆಡುವ ಮಕ್ಕಳ ಹೊಟ್ಟೆಗೇ ಹೋಗ್ತದೆ.

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಬಲೆ ಬೀಸುವಾಗ ನಾವೆಲ್ಲ ಗುಂಡಿನ ಅಂಚನ್ನು ಎಲ್ಲಿ ಹಿಡಿಯುತ್ತೇವೆ? ಹಲ್ಲಿನಲ್ಲಿ! ಅಪ್ಪ ಹಿಡಿದರು, ನಾವು ಹಿಡಿದೆವು, ಈಗ ಮಕ್ಕಳು ಹಿಡೀತಾರೆ. ಸೀಸ ಮೈಗೆ ಸೇರಿದರೆ ಮೂಳೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಡುಕು, ಬಸುರಿಯರಿಗೂ ಕೆಡುಕು. ಇಷ್ಟು ಸೀಸ ಮೈಯಲ್ಲಿದ್ದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ 2000ರಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಇಂಗ್ಲೆಂಡಿನಲ್ಲಿ ಗಾಳದ ಸಣ್ಣ ಸೀಸದ ಗುಂಡು ನುಂಗಿ ಹಂಸಗಳು ಸಾಯತೊಡಗಿದ ಮೇಲೆ 1987ರಲ್ಲಿ ಅದನ್ನು ನಿಷೇಧಿಸಿದರು. ಅವರು ಹಂಸಗಳಿಗಾಗಿ ಬಿಟ್ಟರು, ನಾವು ಮಕ್ಕಳಿಗಾಗಿ ಹಲ್ಲಿನಿಂದಾದರೂ ಬಿಡಬಾರದೇ? ಅಂಚನ್ನು ಮೊಣಕೈ ಮೇಲೆ, ಹೆಗಲ ಮೇಲೆ ಹಾಕಿ ಬೀಸುವ ರೀತಿಯೂ ಇದೆ. ಎರಡು ವಾರ ಬಲೆ ಸೊಟ್ಟಗೆ ಬೀಳ್ತದೆ, ಮೂರನೇ ವಾರ ಸರಿಯಾಗ್ತದೆ. ನಮಗೆ ಆಗಿದೆ.

ಸೀಸವೇ ಬೇಡ ಎನ್ನುವವರು ಕಬ್ಬಿಣದ ಸರಪಳಿ ಕಟ್ಟಬಹುದು. ತುಕ್ಕು ಹಿಡಿಯುತ್ತದೆ, ಅದೇ ತೂಕಕ್ಕೆ ಗಾತ್ರ ಹೆಚ್ಚು, ನಿಜ. ಆದರೆ ಯಾರಿಗೂ ವಿಷವಲ್ಲ. ನಾವೂ ಒಂದು ಬಲೆಗೆ ಕಟ್ಟಿ ನೋಡುತ್ತಿದ್ದೇವೆ.

ಸೀಸ ಹೊಯ್ಯುವವರು ಅಡುಗೆ ಒಲೆಯಲ್ಲಿ, ಅಡುಗೆ ಪಾತ್ರೆಯಲ್ಲಿ ಮಾಡಬೇಡಿ. ಬಯಲಲ್ಲಿ, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ಕೂತು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಹಾಕಿ. ಮುಗಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಯದೆ ಬೀಡಿ, ಎಲೆಯಡಿಕೆ ಮುಟ್ಟಬೇಡಿ.

ಕೊನೆಗೆ ಆಡಳಿತ ಮಂಡಳಿಗೆ ಒಂದು ಬೇಡಿಕೆ. ಪ್ರತಿ ಮನೆಯವರೂ ಅಚ್ಚು ಮಾಡಬೇಕಾಗಿಲ್ಲ. ನಮ್ಮ ಅಚ್ಚನ್ನು ಸಂಘಕ್ಕೆ ಕೊಡುತ್ತೇವೆ. ಗೋದಾಮಿನ ಹಿಂದಿನ ತಗಡಿನ ಮಾಡಿನ ಅಡಿ ಒಂದು ಒಲೆ, ಒಂದು ಸೌಟು, ಎರಡು ಜೊತೆ ಕನ್ನಡಕ ಇಟ್ಟರೆ ಬೇಕಾದವರು ಅಲ್ಲಿಗೇ ಬಂದು ಹೊಯ್ದುಕೊಂಡು ಹೋಗ್ತಾರೆ. ಮಕ್ಕಳಿರುವ ಅಂಗಳದಿಂದ ಆ ಕೆಲಸ ದೂರವಾಗ್ತದೆ. ಬರುವ ಮಳೆಗಾಲದೊಳಗೆ ಇದಾಗಲಿ.