ಆ ಮನೆಯ ಬಾಗಿಲನ್ನೂ ತಟ್ಟೋಣ

(ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದ ಮೇಲೂ ಸಲಾತ್ ಮತ್ತು ಸಲಾಮ್.

ಮುಸ್ಲಿಮನಿಗೆ ಇನ್ನೊಬ್ಬ ಮುಸ್ಲಿಮನ ಮೇಲಿರುವ ಹಕ್ಕುಗಳಲ್ಲಿ ರೋಗಿಯ ಸಂದರ್ಶನವೂ ಒಂದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮ ಓಣಿಯಲ್ಲಿ ಯಾರಿಗಾದರೂ ಹೃದಯಾಘಾತವಾದರೆ ಹಣ್ಣು ಹಿಡಿದು ಹೋಗುತ್ತೇವೆ, ದುಆ ಮಾಡಿ ಬರುತ್ತೇವೆ. ಅದೇ ಓಣಿಯ ಒಬ್ಬ ಯುವಕ ತನಗೆ ಮಾತ್ರ ಕೇಳುವ ದನಿಗಳಿಗೆ ಉತ್ತರ ಕೊಡುತ್ತಿದ್ದರೆ, ಮನೆಯವರೇ ವಿಷ ಹಾಕುತ್ತಾರೆಂದು ಊಟ ಬಿಟ್ಟಿದ್ದರೆ, ಆ ಮನೆಯ ಮುಂದೆ ನಮ್ಮ ನಡಿಗೆ ಚುರುಕಾಗುತ್ತದೆ. ಅಲ್ಲಿಗೆ ಹಣ್ಣೂ ಹೋಗುವುದಿಲ್ಲ, ಮದುವೆಯ ಆಮಂತ್ರಣವೂ ಹೋಗುವುದಿಲ್ಲ.

ಇದಕ್ಕೆ ವೈದ್ಯರು ಸೈಕೋಸಿಸ್ ಎನ್ನುತ್ತಾರೆ. ಇದು ಕಾಯಿಲೆ. ತಂದೆತಾಯಿಯ ಪಾಪದ ಫಲವಲ್ಲ, ಈಮಾನಿನ ಕೊರತೆಯೂ ಅಲ್ಲ. ಚಿಕಿತ್ಸೆ ಬೇಗ ಶುರುವಾದಷ್ಟೂ ಚೇತರಿಕೆ ಉತ್ತಮ. ಬುದ್ಧಿ ಸ್ಥಿಮಿತದಲ್ಲಿಲ್ಲದವನ ಕರ್ಮಗಳನ್ನು ಬರೆಯುವ ಲೇಖನಿಯನ್ನೇ ಎತ್ತಿಡಲಾಗಿದೆ ಎಂದು ಹದೀಸ್ ತಿಳಿಸುತ್ತದೆ. ಅಲ್ಲಾಹನೇ ಇಡದ ಲೆಕ್ಕವನ್ನು ನಾವು ಇಡುವುದೇ? ಸೂರಃ ಹುಜುರಾತ್ ಅಡ್ಡಹೆಸರಿಟ್ಟು ಹಂಗಿಸುವುದನ್ನು ನಿಷೇಧಿಸಿದೆ. ‘ಹುಚ್ಚ’ ಎಂದು ಕರೆಯುವ ನಾಲಿಗೆಗೂ ಅದು ಅನ್ವಯಿಸುತ್ತದೆ.

ದುಆ ಮಾಡಿ, ಕುರ್‌ಆನ್ ಓದಿ. ಅದರ ಜೊತೆಗೆ ಔಷಧವನ್ನೂ ಕೊಡಿಸಿ. ಚಿಕಿತ್ಸೆ ಪಡೆಯಿರೆಂದು ಕಲಿಸಿದವರು ಪ್ರವಾದಿವರ್ಯರೇ(ಸ). 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಆರೈಕೆ ಇತ್ತು. ಇಂಥ ಪರಂಪರೆಯ ನಾವೇ 2001ರ ಆಗಸ್ಟ್ 6ರ ಏರ್ವಾಡಿಯನ್ನು ನೆನೆದು ತಲೆತಗ್ಗಿಸಬೇಕಾಗಿದೆ. ತಮಿಳುನಾಡಿನ ಆ ದರ್ಗಾದ ಊರಿನ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ಕರೆತಂದ ಮನೆಯವರು ಕ್ರೂರಿಗಳಾಗಿರಲಿಲ್ಲ. ದಾರಿ ಕಾಣದವರಾಗಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿ, ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ.

ನಮಗೆ ದಾರಿ ದೂರವಿಲ್ಲ. ಹುಬ್ಬಳ್ಳಿ ದಾಟಿದರೆ ಧಾರವಾಡದ ಡಿಮ್ಹಾನ್ಸ್ ಇದೆ. ಹಾವೇರಿಯ ಜಿಲ್ಲಾಸ್ಪತ್ರೆಯಲ್ಲಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ದಿನ ಯಾವುದೆಂದು ವಿಚಾರಿಸಿ. 14416ಕ್ಕೆ ಕರೆ ಮಾಡಿದರೆ ‘ಟೆಲಿ ಮನಸ್’ ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ಕೊಡುತ್ತದೆ. ರೋಗಿ ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ದಿನಗೂಲಿ ತರುವ ತಾಯಿಯೊಬ್ಬಳನ್ನು ಯೋಚಿಸಿ. ಮಗನನ್ನು ಧಾರವಾಡಕ್ಕೆ ಕರೆದೊಯ್ದ ದಿನ ಅವಳ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೀಳುತ್ತದೆ, ರಾತ್ರಿಯ ನಿದ್ದೆ ಮೊದಲೇ ಇಲ್ಲ. ಮಾತ್ರೆ ನಿಲ್ಲುವುದು ಹೆಚ್ಚಾಗಿ ಇಂಥಲ್ಲಿಯೇ. ಮಾತ್ರೆ ನಿಂತರೆ ಕಾಯಿಲೆ ಮರಳುತ್ತದೆ.

ಆದ್ದರಿಂದ ಪ್ರತಿ ಜಮಾಅತ್ ಈ ಕೆಲಸಗಳನ್ನು ಹಂಚಿಕೊಳ್ಳಲಿ. ಆಸ್ಪತ್ರೆಯ ದಿನ ಒಬ್ಬ ಯುವಕ ಜೊತೆಗೆ ಹೋಗಲಿ. ಬೈತುಲ್‌ಮಾಲ್‌ನಿಂದ ಪ್ರಯಾಣ ಮತ್ತು ಔಷಧದ ಖರ್ಚು ಸದ್ದಿಲ್ಲದೆ ತಲುಪಲಿ. ನೆರೆಯ ಹೆಂಗಸರು ವಾರಕ್ಕೆ ಒಂದು ಮಧ್ಯಾಹ್ನ ರೋಗಿಯ ಬಳಿ ಕುಳಿತರೆ ಆ ತಾಯಿ ಎರಡು ಗಂಟೆ ಮಲಗಿಯಾಳು. ರಮಝಾನಿನಲ್ಲಿ ಉಪವಾಸಕ್ಕಾಗಿ ಮಾತ್ರೆ ಬಿಡಿಸಬೇಡಿ. ರೋಗಿಗೆ ವಿನಾಯಿತಿ ಇದೆ, ವೈದ್ಯರನ್ನು ಕೇಳಿ. ಮದುವೆ ಮಾಡಿದರೆ ಸರಿಹೋಗುತ್ತದೆಂದು ಸಲಹೆ ಕೊಡಬೇಡಿ. ಕಾಯಿಲೆಯನ್ನು ಮುಚ್ಚಿಟ್ಟು ನಿಕಾಹ್ ಮಾಡುವುದು ಎರಡು ಮನೆಗಳಿಗೂ ಅನ್ಯಾಯ. ಗುಣವಾದವನಿಗೆ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಕೆಲಸ ಕೊಡಿ, ಸಫ್‌ನಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಳ್ಳಿ.

ಈ ವಾರ ಒಂದು ಮನೆಗಾದರೂ ಹೋಗೋಣ. ಕಾರಣ ಕೇಳುವುದು ಬೇಡ, ತಪ್ಪು ಹುಡುಕುವುದು ಬೇಡ. ‘ನಾವಿದ್ದೇವೆ’ ಎಂದರೆ ಸಾಕು.

ಓ ಅಲ್ಲಾಹ್, ರೋಗಿಗಳಿಗೆ ಶಿಫಾ ನೀಡು. ಅವರನ್ನು ಕಾಯುವವರಿಗೆ ಸಬ್ರ್ ನೀಡು. ಅವರ ಭಾರ ಹೊರಲು ನಮಗೆ ತೌಫೀಕ್ ನೀಡು. ಆಮೀನ್.